ಚಕ್ರದ ಆಫ್‌ಸೆಟ್ ಬದಲಾವಣೆ: ಗತ್ತಿಗೆ ತೆರಬೇಕಾದ ಬೆಲೆ

ಕಾಡುಮೇಡು ಸುತ್ತುವ ಜೀಪುಗಳ ಚಕ್ರಗಳು ಮಡ್‌ಗಾರ್ಡ್‌ನಿಂದ ಹೊರಚಾಚುವಂತೆ ಮಾರ್ಪಡಿಸುವುದು ಹಲವರ ಹವ್ಯಾಸ. ಇದರಿಂದ ನೋಟಕ್ಕೆ ಗತ್ತು ಬರುತ್ತದೆ. ಓರೆ ನೆಲದಲ್ಲಿ ಪಕ್ಕಕ್ಕೆ ಉರುಳುವ ಭಯವೂ ತುಸು ತಗ್ಗುತ್ತದೆ. ಆದರೆ ನಷ್ಟದ ಪಟ್ಟಿ ಸಣ್ಣದಲ್ಲ.

ಚಕ್ರವು ಹಬ್‌ಗೆ ತಾಗುವ ಮುಖಕ್ಕೂ ಅದರ ಅಗಲದ ಮಧ್ಯರೇಖೆಗೂ ಇರುವ ಅಂತರವೇ ಆಫ್‌ಸೆಟ್. +40 ಮಿ.ಮೀ. ಆಫ್‌ಸೆಟ್‌ನ ಚಕ್ರಗಳ ಬದಲು ಅಷ್ಟೇ ಅಗಲದ, ಸೊನ್ನೆ ಆಫ್‌ಸೆಟ್‌ನವನ್ನು ಜೋಡಿಸಿದರೆ ಪ್ರತಿ ಚಕ್ರವೂ 40 ಮಿ.ಮೀ. ಹೊರಸರಿಯುತ್ತದೆ. ಎಡ-ಬಲ ಚಕ್ರಗಳ ನಡುವಣ ಅಂತರ 80 ಮಿ.ಮೀ. ಹೆಚ್ಚುತ್ತದೆ. ಸ್ಪೇಸರ್ ಅಳವಡಿಸಿದರೂ ಪರಿಣಾಮ ಇಂಥದೇ.

ಸ್ಟೀರಿಂಗ್: ಮುಂಚಕ್ರ ತಿರುಗುವ ಅಕ್ಷರೇಖೆಯಿಂದ ಟೈರಿನ ಮಧ್ಯಭಾಗ ದೂರವಾಗುತ್ತದೆ. ಹೀಗಾಗಿ ಚಕ್ರ ಬಂಡೆಗೆ ಬಡಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತೆ ತಿರುಗಿ, ಹೆಬ್ಬೆರಳಿಗೆ ಪೆಟ್ಟಾಗುವ ಅಪಾಯವಿದೆ. ಒಂದು ಚಕ್ರ ಡಾಂಬರಿನ ಮೇಲೆ, ಇನ್ನೊಂದು ಜಲ್ಲಿಯ ಮೇಲಿರುವಾಗ ಬ್ರೇಕ್ ಒತ್ತಿದರೆ ವಾಹನ ಡಾಂಬರಿನ ಕಡೆಗೆ ಎಳೆಯುತ್ತದೆ.

ಬೇರಿಂಗ್: ಭಾರ ಹೊರಕ್ಕೆ ಸರಿದಷ್ಟೂ ಬೇರಿಂಗ್ ಮತ್ತು ಬಾಲ್ ಜಾಯಿಂಟ್‌ಗಳ ಮೇಲಿನ ಒತ್ತಡ ಏರುತ್ತದೆ, ಸವೆತ ಬೇಗನೆ ಆಗುತ್ತದೆ.

ಹೊರಮೈ: ಪೂರ್ಣ ತಿರುವಿನಲ್ಲಿ ಟೈರು ಮಡ್‌ಗಾರ್ಡ್‌ಗೆ ಉಜ್ಜಬಹುದು. ಕೆಸರು, ಕಲ್ಲು ಬಾಗಿಲಿಗೂ ಹಿಂದಿನ ವಾಹನಗಳಿಗೂ ಸಿಡಿಯುತ್ತವೆ.

ಕಾನೂನು: ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಚಕ್ರ ಕೊಳ್ಳುವ ಮುನ್ನ ವಾಹನದ ಕೈಪಿಡಿಯಲ್ಲಿ ಸೂಚಿಸಿರುವ ಅಳತೆಯನ್ನು ನೋಡಿಕೊಳ್ಳುವುದು ಲೇಸು.