ಎರಡು ಲಿಪಿಗಳ ಗಡಿಯಲ್ಲಿ ಮುಕ್ತ ಬ್ರೌಸರ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಈ ಐದು ಹೆಸರುಗಳಲ್ಲಿ ಕೊನೆಯ ಮೂರರಲ್ಲಿ ಒತ್ತಕ್ಷರವಿಲ್ಲ. ಹಳೆಯ ಬ್ರೌಸರುಗಳು ತಿಣುಕುತ್ತಿದ್ದುದು ಮೊದಲೆರಡಕ್ಕೆ. ಕಂಪ್ಯೂಟರಿನ ಪಾಲಿಗೆ ‘ನಿಪ್ಪಾಣಿ’ ಎಂಟು ಸಂಕೇತಗಳ ಸಾಲು. ನಡುವೆ ಪ, ಹಲಂತ, ಇನ್ನೊಂದು ಪ, ಆಮೇಲೆ ದೀರ್ಘ. ತೆರೆಯ ಮೇಲೆ ಆ ದೀರ್ಘ ಮೊದಲ ಪಕಾರಕ್ಕೆ ಸೇರಬೇಕು, ಎರಡನೆಯದು ಒತ್ತಾಗಿ ಕೆಳಗಿಳಿಯಬೇಕು. ಈ ಜೋಡಣೆ ಬಾರದ ತಂತ್ರಾಂಶದಲ್ಲಿ ಊರಿನ ಹೆಸರೇ ಒಡೆದು ಕಾಣುತ್ತಿತ್ತು. ಮುಕ್ತ ಬ್ರೌಸರಿನ ಕನ್ನಡ ಚರಿತ್ರೆ ಬಹುಮಟ್ಟಿಗೆ ಈ ಜೋಡಣೆಯ ಚರಿತ್ರೆ. ಮೆನುಗಳ ಅನುವಾದ ಅದರಲ್ಲೊಂದು ಚಿಕ್ಕ ಅಧ್ಯಾಯ.

ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಆಕರ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟದ್ದು 1998ರ ಮಾರ್ಚ್ 31ರಂದು. ಮೊಜಿಲ್ಲಾ ಹುಟ್ಟಿದ್ದು ಹಾಗೆ. ಆಗಿನ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನೇ ನಂಬಿದ್ದವು. ಫಾಂಟನ್ನು ಪುಟದ ಜೊತೆಗೇ ಕಳುಹಿಸಲು ನೆಟ್‌ಸ್ಕೇಪಿನದೊಂದು ದಾರಿ, ಮೈಕ್ರೋಸಾಫ್ಟಿನದು ಮತ್ತೊಂದು. ಒಂದರಲ್ಲಿ ಓದಲು ಬಂದದ್ದು ಇನ್ನೊಂದರಲ್ಲಿ ಕಲಸುಮೇಲೋಗರ.

ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿರುವ ಬೆಳಗಾವಿಯ ಈ ಗಡಿ ಭಾಗಕ್ಕೆ ಅಂಥ ಫಾಂಟುಗಳು ಇನ್ನಷ್ಟು ಕಷ್ಟದವು. ಒಂದೇ ಸಂಕೇತ ಒಂದು ಫಾಂಟಿನಲ್ಲಿ ಕನ್ನಡದ ತುಣುಕು, ಇನ್ನೊಂದರಲ್ಲಿ ದೇವನಾಗರಿಯ ತುಣುಕು. ಯೂನಿಕೋಡ್ ಈ ಜಗಳ ಬಿಡಿಸಿತು. ಭಾರತದ ಇಸ್ಕಿ ಮಾನಕದ ಕ್ರಮವನ್ನೇ ಅನುಸರಿಸಿ ದೇವನಾಗರಿಯ ಕಕಾರಕ್ಕೆ 0915, ಕನ್ನಡದ್ದಕ್ಕೆ 0ಸಿ95 ಎಂಬ ಪ್ರತ್ಯೇಕ ಸಂಕೇತ ಕೊಟ್ಟಿತು.

ಸಂಕೇತ ಸಿಕ್ಕಿತೆಂದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಮೊಜಿಲ್ಲಾದ ಬ್ರೌಸರ್ ಫೈರ್‌ಫಾಕ್ಸ್ 1.0 ಬಂದದ್ದು 2004ರ ನವೆಂಬರ್ 9ರಂದು. ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಇತ್ತು. ಆದರೆ ಭಾರತೀಯ ಲಿಪಿಗಳ ಸೌಲಭ್ಯವನ್ನು ಬೇರೆಯಾಗಿ ಆರಿಸಿ, ಹಲವೊಮ್ಮೆ ಸಿಡಿ ಹಾಕಿ, ಅನುಸ್ಥಾಪಿಸಬೇಕಿತ್ತು. ಲಿನಕ್ಸಿನಲ್ಲಿ ಪ್ಯಾಂಗೋ ಎಂಬ ತಂತ್ರಾಂಶದ ಬೆಂಬಲ ಬೇಕಿತ್ತು. 2008ರ ಜೂನ್‌ನಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಆ ಬೆಂಬಲ ಬ್ರೌಸರಿನ ಭಾಗವೇ ಆಯಿತು. 2009ರ ಜೂನ್ 30ರ ಆವೃತ್ತಿ 3.5 ಪುಟದೊಂದಿಗೆ ಬರುವ ಸಾಮಾನ್ಯ ಫಾಂಟುಗಳನ್ನೂ ಒಪ್ಪಿಕೊಂಡಿತು. ಹತ್ತು ವರ್ಷಗಳ ಹಿಂದೆ ಎರಡು ಕಂಪನಿಗಳು ಎಳೆದಾಡಿದ್ದ ಕೆಲಸ ಕೊನೆಗೂ ಮುಕ್ತ ಮಾನಕದ ಹಾದಿಗೆ ಬಂತು.

ಮೆನುಗಳನ್ನು ಕನ್ನಡಕ್ಕೆ ತಂದವರಲ್ಲಿ ಸ್ವಯಂಸೇವಕರೂ ಇದ್ದರು, ಸಂಬಳದ ಭಾಷಾಂತರಕಾರರೂ ಇದ್ದರು. ರೆಡ್ ಹ್ಯಾಟ್ ಕಂಪನಿಯ ಪುಣೆ ಕಚೇರಿಯಲ್ಲಿ ಮುಕ್ತ ತಂತ್ರಾಂಶಗಳ ಕನ್ನಡ, ಮರಾಠಿ ಕೆಲಸಗಳು ಅಕ್ಕಪಕ್ಕದಲ್ಲೇ ನಡೆದವು. ಅದರ ‘ಲೋಹಿತ್’ ಫಾಂಟ್ ಮಾಲೆಯಲ್ಲೂ ಎರಡೂ ಲಿಪಿಗಳಿವೆ. ಪುಣೆ–ಬೆಂಗಳೂರು ಹೆದ್ದಾರಿ ಹಾಯುವ ನಿಪ್ಪಾಣಿಗೆ ಇದೇನೂ ದೂರದ ಸುದ್ದಿಯಲ್ಲ.

ಜೋಡಣೆಯ ವಿಚಾರದಲ್ಲಿ ದೊಡ್ಡ ಹೆಜ್ಜೆ ಹಾರ್ಫ್‌ಬಝ್. ಬೆಹದಾದ್ ಎಸ್ಫಹ್ಬೋದ್ ಮುನ್ನಡೆಸಿದ ಈ ಅಕ್ಷರ ಜೋಡಣೆಯ ತಂತ್ರಾಂಶವನ್ನು ಮೊಜಿಲ್ಲಾದ ಜೊನಾಥನ್ ಕ್ಯೂ ಫೈರ್‌ಫಾಕ್ಸಿಗೆ ಹೊಂದಿಸಿದರು. 2011ರ ಮಾರ್ಚ್‌ನ ನಾಲ್ಕನೆಯ ಆವೃತ್ತಿಯಲ್ಲಿ ಅದು ಒಳಬಂತು. ಭಾರತೀಯ ಲಿಪಿಗಳಿಗೆ ಅದು ಹದವಾದದ್ದು ನಂತರ. ‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗಬೇಕು, ‘ರ‍್ಯಾಂಕ್’ನಲ್ಲಿ ಆಗಬಾರದು ಎಂಬ ಸೂಕ್ಷ್ಮವೂ ಇಂಥ ತಂತ್ರಾಂಶದ ಪಾಲಿನ ಹೊಣೆ.

2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡಕ್ಕೆ ಬೆಂಬಲ ಕೊಟ್ಟಿತು. ಕ್ರೋಮ್, ಆಂಡ್ರಾಯ್ಡ್ ಎರಡೂ ಇಂದು ಅಕ್ಷರ ಜೋಡಿಸುವುದು ಇದೇ ಹಾರ್ಫ್‌ಬಝ್ ನೆರವಿನಿಂದ. ಅದರ ಪರವಾನಗಿ ಯಾರಿಗೂ ಬಾಗಿಲು ಹಾಕಿಲ್ಲ. ಹೀಗಾಗಿ ರಾಯಬಾಗದಲ್ಲೋ ಕಾಗವಾಡದಲ್ಲೋ ಫೈರ್‌ಫಾಕ್ಸನ್ನು ಒಮ್ಮೆಯೂ ತೆರೆಯದವರ ಫೋನಿನಲ್ಲೂ ಕನ್ನಡದ ಒತ್ತು, ಮರಾಠಿಯ ಜೋಡಾಕ್ಷರ ಒಂದೇ ಪುಟದಲ್ಲಿ ಸರಿಯಾಗಿ ಕೂರುತ್ತವೆ.