ಎದೆಯೊಳಗಿನ ಗಂಟು ಯಾರದು?

ನೀರಮಾನ್ವಿಯ ನಮ್ಮ ದೊಡ್ಡವ್ವನಿಗೆ ಗರ್ಭಕಂಠದ ಕ್ಯಾನ್ಸರ್ ಇದೆಯೆಂದು ತಿಳಿದ ಮೇಲೆ ಚಿಕಿತ್ಸೆಗೆ ಮುಂಚೆ ಸ್ಕ್ಯಾನ್ ಮಾಡಿಸಿದೆವು. ಎದೆಯ ನಡುವೆ, ಶ್ವಾಸನಾಳದ ಪಕ್ಕದ ದುಗ್ಧಗ್ರಂಥಿಗಳು ಊದಿಕೊಂಡಿದ್ದವು. ‘ಎದಿಗೂ ಹಬ್ಬೇತೇನಪಾ?’ ಎಂದು ಆಕೆ ನನ್ನನ್ನೇ ಕೇಳಿದಳು. ಪಿಎಚ್.ಡಿ. ಮಾಡುವವನಿಗೆ ಎಲ್ಲವೂ ಗೊತ್ತಿರುತ್ತದೆಂದು ಊರಿನ ನಂಬಿಕೆ. ನನ್ನ ವಿಷಯ ಇತಿಹಾಸ. ಉತ್ತರವನ್ನೂ ಅಲ್ಲೇ ಹುಡುಕಿದೆ.

ಪ್ರಶ್ನೆ ಸಣ್ಣದಲ್ಲ. ಎದೆಗೆ ಹಬ್ಬಿದ್ದರೆ ರೋಗ ಮುಂದುವರಿದ ಹಂತದ್ದು. ಗುಣಪಡಿಸುವ ಮಾತು ಹಿಂದೆ ಸರಿದು ನೋವು ತಗ್ಗಿಸುವ ಮಾತು ಮುಂದೆ ಬರುತ್ತದೆ. ಆದರೆ ಆ ಊತಕ್ಕೆ ನಮ್ಮ ದೇಶದಲ್ಲಿ ಇನ್ನೊಂದು ಹಳೆಯ ಕಾರಣವಿದೆ: ಕ್ಷಯ. 1882ರಲ್ಲಿ ರಾಬರ್ಟ್ ಕಾಖ್ ಅದರ ರೋಗಾಣುವನ್ನು ಗುರುತಿಸಿದರು. ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಸಿ.ಟಿ. ಸ್ಕ್ಯಾನ್ ಗ್ರಂಥಿಯ ಗಾತ್ರ, ಆಕಾರ ತೋರಿಸುತ್ತದೆ, ಕಾರಣವನ್ನು ಖಚಿತವಾಗಿ ಹೇಳಲಾರದು. ಪೆಟ್ ಸ್ಕ್ಯಾನ್ ಸಕ್ಕರೆಯನ್ನು ಹೆಚ್ಚು ಹೀರುವ ಜಾಗಗಳನ್ನು ಬೆಳಗಿಸುತ್ತದೆ. ಕ್ಯಾನ್ಸರಿನಂತೆ ಕ್ಷಯದ ಉರಿಯೂತವೂ ಅಲ್ಲಿ ಹೊಳೆಯುತ್ತದೆ.

ಈ ಕತೆಯಲ್ಲಿ 1959 ಎರಡು ಕಾರಣಕ್ಕೆ ಮುಖ್ಯ. ಆ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದೇ ವರ್ಷ ಸ್ವೀಡನ್ನಿನ ಎರಿಕ್ ಕಾರ್ಲೆನ್ಸ್, ಕೊರಳ ಬುಡದಲ್ಲಿ ಸಣ್ಣದಾಗಿ ಕೊಯ್ದು, ಕೊಳವೆ ಇಳಿಸಿ, ಗ್ರಂಥಿಯ ತುಣುಕು ತೆಗೆಯುವ ವಿಧಾನವನ್ನು ಪ್ರಕಟಿಸಿದರು. 1973ರಲ್ಲಿ ಬೆಂಗಳೂರಿನಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆರಂಭವಾಯಿತು. ಎರಡು ರೋಗಗಳಿಗೆ ಎರಡು ಸಂಸ್ಥೆ. ರೋಗಿಯ ಎದೆಯಲ್ಲಿ ಮಾತ್ರ ಅವುಗಳ ನಡುವೆ ಗೋಡೆಯಿಲ್ಲ.

ಈ ಶತಮಾನದ ಆರಂಭದಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದ ವೈದ್ಯರು ಕೊಯ್ಯದೆಯೇ ಅಲ್ಲಿಗೆ ತಲುಪುವ ದಾರಿಯನ್ನು ಬೆಳೆಸಿದರು. ಬಾಯಿಂದ ಶ್ವಾಸನಾಳಕ್ಕೆ ಇಳಿಸುವ ನಳಿಗೆಯ ತುದಿಯಲ್ಲಿ ಅಲ್ಟ್ರಾಸೌಂಡ್ ಇರುತ್ತದೆ. ಗ್ರಂಥಿಯನ್ನು ನೋಡುತ್ತಲೇ ಸೂಜಿ ಹಾಕಬಹುದು. ಇದಕ್ಕೆ ‘ಈಬಸ್’ ಎನ್ನುತ್ತಾರೆ. ಸಿಕ್ಕ ಅಂಶವನ್ನು ಕ್ಯಾನ್ಸರ್ ಕೋಶಗಳಿಗಾಗಿಯೂ ಕ್ಷಯದ ರೋಗಾಣುವಿಗಾಗಿಯೂ ಪರೀಕ್ಷಿಸಬೇಕು. ಸೂಜಿಗೆ ಏನೂ ಸಿಗದಿದ್ದರೆ ಏನೂ ಇಲ್ಲವೆಂದಲ್ಲ. ಕ್ಯಾನ್ಸರಿಗೆ ದೇಹ ತೋರುವ ಪ್ರತಿಕ್ರಿಯೆಯೂ ಕೆಲವೊಮ್ಮೆ ಕ್ಷಯದ್ದೇ ಬಗೆಯ ಗಂಟುಗಳನ್ನು ಮೂಡಿಸುತ್ತದೆ. ಎರಡೂ ರೋಗ ಒಟ್ಟಿಗಿರುವುದೂ ಉಂಟು.

ದೊಡ್ಡವ್ವನ ವರದಿಯಲ್ಲಿ ಕ್ಷಯದ ರೋಗಾಣು ಸಿಕ್ಕಿತು; ಕ್ಯಾನ್ಸರ್ ಕೋಶ ಕಾಣಲಿಲ್ಲ. ವೈದ್ಯರು ಕ್ಷಯದ ಗುಳಿಗೆ ಶುರುಮಾಡಿ, ಗುಣಪಡಿಸುವ ಉದ್ದೇಶದಿಂದಲೇ ರೇಡಿಯೇಶನ್ನಿಗೂ ದಿನ ಗೊತ್ತುಮಾಡಿದರು. ಒಂದರ ಜಾಗದಲ್ಲಿ ಎರಡು ರೋಗವಾಯಿತು. ಆ ದಿನ ನಮ್ಮ ಮನೆಯಲ್ಲಿ ಅದೇ ಒಳ್ಳೆಯ ಸುದ್ದಿ.