ಅರಗಿನ ಕೆಂಪಿನಲ್ಲಿ ಎಷ್ಟು ಕಾರ್ಬನ್? ಪಾಷಾಣದ ಲ್ಯಾಬಿನಲ್ಲಿ ಸಿಕ್ಕ ಅಣುಸೂತ್ರ

ಈ ಸಲದ ಮಾತು ಕೆಮಿಸ್ಟ್ರಿಯ ಇತಿಹಾಸದ ಬಗ್ಗೆ. ವಿಡಿಯೋದಲ್ಲಿ ಅಂಕಿಗಳು ಬೇಗ ಬೇಗ ಓಡಿಹೋಗಿವೆ, ಅದಕ್ಕೇ ಇಲ್ಲಿ ನಿಧಾನವಾಗಿ ಬರೆದಿದ್ದೀನಿ. ಪಕ್ಕದಲ್ಲಿ ಒಂದು ಪೆನ್ನು, ಪೇಪರ್ ಇದ್ದರೆ ಇನ್ನೂ ಒಳ್ಳೇದು.

ಮೊದಲು ನಾಲ್ಕು ವಸ್ತು ತಗೊಳ್ಳೋಣ. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲ. ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನ ಅಸಿಟಿಕ್ ಆಮ್ಲ. ಸುಸ್ತಾದವರಿಗೆ ಕೊಡುವ ಗ್ಲೂಕೋಸ್. ನಾಲ್ಕನೆಯದು ಫಾರ್ಮಾಲ್ಡಿಹೈಡ್, ಮೆಡಿಕಲ್ ಕಾಲೇಜುಗಳಲ್ಲಿ ಶವ ಕೆಡದಂತೆ ಇಡೋಕೆ ಬಳಸುವ ಫಾರ್ಮಲಿನ್‌ನಲ್ಲಿ ಇರೋದು. ಈ ನಾಲ್ಕನ್ನೂ ಶುದ್ಧ ಮಾಡಿ, ಸುಟ್ಟು, ಯಾವ ಧಾತು ಎಷ್ಟಿದೆ ಅಂತ ತೂಕ ಮಾಡಿದರೆ ನಾಲ್ಕಕ್ಕೂ ಒಂದೇ ಉತ್ತರ ಬರತ್ತೆ: ಕಾರ್ಬನ್ ಶೇ. 40, ಹೈಡ್ರೋಜನ್ ಶೇ. 6.7, ಆಕ್ಸಿಜನ್ ಶೇ. 53.3. ಪರಮಾಣುಗಳ ಲೆಕ್ಕಕ್ಕೆ ತಂದರೆ, ಒಂದು ಕಾರ್ಬನ್‌ಗೆ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ತಕ್ಕಡಿಯ ಪ್ರಕಾರ ಗ್ಲೂಕೋಸಿಗೂ ಫಾರ್ಮಾಲ್ಡಿಹೈಡ್‌ಗೂ ವ್ಯತ್ಯಾಸವೇ ಇಲ್ಲ!

ಇನ್ನು ಮುಂದೆ ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ ಇದೇ ಕ್ರಮದಲ್ಲಿ ಬರೀ ಅಂಕಿ ಬರೀತೀನಿ. ಫಾರ್ಮಾಲ್ಡಿಹೈಡ್ ನಿಜಕ್ಕೂ 1-2-1. ಅಸಿಟಿಕ್ ಆಮ್ಲ 2-4-2, ಲ್ಯಾಕ್ಟಿಕ್ ಆಮ್ಲ 3-6-3, ಗ್ಲೂಕೋಸ್ 6-12-6. ಒಂದು ಅಣುವಿನಲ್ಲಿ ನಿಜವಾಗಿ ಎಷ್ಟೆಷ್ಟು ಪರಮಾಣು ಇವೆ ಅನ್ನೋದು ಅಣುಸೂತ್ರ. ಅದನ್ನೇ ಜಿಸಿಡಿಯಿಂದ, ಅಂದ್ರೆ ಹೈಸ್ಕೂಲಿನ ಮ.ಸಾ.ಅ.ದಿಂದ, ಭಾಗಿಸಿದಾಗ ಉಳಿಯೋದು ಎಂಪಿರಿಕಲ್ ಫಾರ್ಮುಲಾ. ನಾನು ಅದನ್ನ ಅನುಪಾತದ ಸೂತ್ರ ಅಂತೀನಿ. ನಮ್ಮ ಕೆಲಸದ ಭಾಷೆಯಲ್ಲಿ ಇದು ಲಾಸಿ ಕಂಪ್ರೆಷನ್. ಭಾಗಿಸೋದು ಸುಲಭ. ಭಾಗಿಸಿದ ಸಂಖ್ಯೆ ಯಾವುದು ಅಂತ ಮರೆತುಹೋದರೆ ವಾಪಸ್ ಬರೋಕೆ ದಾರಿ ಇಲ್ಲ.

ನಮ್ಮ ಸೊಸೈಟಿಯಲ್ಲಿ ಹನ್ನೊಂದನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, "ಅಂಕಲ್, ಭಾಗಿಸಿ ಮತ್ತೆ ಗುಣಿಸೋದ್ಯಾಕೆ? ನೇರವಾಗಿ ಅಣುಸೂತ್ರವನ್ನೇ ಕಂಡುಹಿಡೀಬಾರ್ದಾ?" ಸರಿಯಾದ ಪ್ರಶ್ನೆ. ಉತ್ತರ ಇರೋದು ಇತಿಹಾಸದಲ್ಲಿ: ಬಹಳ ಕಾಲ ಜನರ ಕೈಯಲ್ಲಿ ಇದ್ದದ್ದು ಅನುಪಾತ ಒಂದೇ.

ಡಾಲ್ಟನ್ ನೀರನ್ನ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಅಂತ ಬರೆದಿದ್ದ. ತೂಕದ ಅನುಪಾತದಿಂದ ಸಂಖ್ಯೆಗೆ ಹೋಗೋಕೆ ಅವನ ಹತ್ತಿರ ಬೇರೆ ಆಧಾರ ಇರಲಿಲ್ಲ, ಸರಳವಾದದ್ದನ್ನ ಆರಿಸಿಕೊಂಡ. ಅವೊಗಾಡ್ರೊ 1811ರಲ್ಲೇ ದಾರಿ ತೋರಿಸಿದರೂ ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1861ರಲ್ಲಿ ಕೆಕುಲೆ ಬರೆದ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲ ಒಂದಕ್ಕೇ, ಆಗ ಚಾಲ್ತಿಯಲ್ಲಿದ್ದ 19 ಬೇರೆ ಬೇರೆ ಸೂತ್ರಗಳ ಪಟ್ಟಿ ಇದೆ. ಒಂದೇ ಪ್ರಾಜೆಕ್ಟಿನಲ್ಲಿ 19 ಕೋಡಿಂಗ್ ಸ್ಟ್ಯಾಂಡರ್ಡ್ ಇದ್ದ ಹಾಗೆ. 1860ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಸಮ್ಮೇಳನ ಸೇರಿದ್ದೇ ಈ ಗೊಂದಲಕ್ಕೆ. ಅಲ್ಲಿ ಹಂಚಲಾದ ಕನ್ನಿಝಾರೋನ ಕಿರುಹೊತ್ತಗೆ ಓದಿದ ಮೇಲೆ ಪರಮಾಣು ತೂಕದ ವಿಷಯ ನಿಧಾನಕ್ಕೆ ತಹಬಂದಿಗೆ ಬಂತು. ಇದೆಲ್ಲ ಪಠ್ಯಪುಸ್ತಕಗಳಲ್ಲಿ ಸಿಗೋ ಕತೆ, ಇಲ್ಲಿಗೆ ಸಾಕು. ನಾನು ಹೇಳಬೇಕೆಂದಿರೋದು ನಾವಿರುವ ಊರಿನದು.

ಬಾಣೇರ್, ಔಂಧ್ ಕಡೆ ಇರೋರಿಗೆ ಪಾಷಾಣ ಗೊತ್ತೇ ಇರತ್ತೆ. (ಕನ್ನಡದಲ್ಲಿ ಪಾಷಾಣ ಅಂದ್ರೆ ಕಲ್ಲೂ ಹೌದು, ವಿಷವೂ ಹೌದು. ಕೆಮಿಸ್ಟ್ರಿ ಲ್ಯಾಬಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಸಿಗಲಿಕ್ಕಿಲ್ಲ.) ಅಲ್ಲಿರೋದು ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಎಲ್ಲರ ಬಾಯಲ್ಲಿ ಎನ್‌ಸಿಎಲ್. 1950ರ ಜನವರಿ 3ರಂದು ನೆಹರೂ ಉದ್ಘಾಟಿಸಿದ್ದು. ಮೊದಲ ಇಬ್ಬರು ನಿರ್ದೇಶಕರು, ಮೆಕ್‌ಬೇನ್ ಮತ್ತು ಫಿಂಚ್, ಹೊರದೇಶದವರು. 1957ರಲ್ಲಿ ಬಂದ ಕೆ. ವೆಂಕಟರಾಮನ್ ಮೊದಲ ಭಾರತೀಯ ನಿರ್ದೇಶಕರು. ಮದ್ರಾಸಿನಲ್ಲಿ ಹುಟ್ಟಿ, ಮ್ಯಾಂಚೆಸ್ಟರಿನಲ್ಲಿ ಓದಿ, ಬಾಂಬೆಯಲ್ಲಿ ಕೆಲಸ ಮಾಡಿದವರು. ಬಣ್ಣಗಳ ರಸಾಯನಶಾಸ್ತ್ರದಲ್ಲಿ ಜಗತ್ತಿಗೇ ದೊಡ್ಡ ಹೆಸರು. ಅವರ ತಂಡ ಕೈಗೆತ್ತಿಕೊಂಡ ಒಂದು ಬಣ್ಣ ಅರಗಿನ ಕೆಂಪು.

ಅರಗು ನಮಗೆ ಹೊಸದಲ್ಲ. ಪಾಂಡವರ ಅರಗಿನ ಮನೆ ಗೊತ್ತು. ಚನ್ನಪಟ್ಟಣದ ಗೊಂಬೆಗೆ ಹೊಳಪು ಬರೋದೂ ಅರಗಿನಿಂದಲೇ: ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಅಂಟಿಕೊಳ್ಳತ್ತೆ. ನನ್ನ ಮಗಳ ಆಟದ ಸಾಮಾನಿನಲ್ಲೂ ಅಂಥದ್ದೊಂದು ಬುಗುರಿ ಇದೆ. ಗೊಂಬೆಗೆ ಬಳಿಯೋದು ಅರಗಿನ ಹುಳು ಕೊಂಬೆಗಳ ಮೇಲೆ ಬಿಡುವ ಅಂಟು. ಅದೇ ಹುಳುವಿನ ಮೈಯಲ್ಲಿ ಕೆಂಪು ಬಣ್ಣವೂ ಇದೆ. ಕಚ್ಚಾ ಅರಗನ್ನ ನೀರಲ್ಲಿ ತೊಳೆದಾಗ ಅದು ಬಿಟ್ಟುಕೊಳ್ಳತ್ತೆ. ಹಿಂದೆ ಪಾದಕ್ಕೆ ಹಚ್ಚುತ್ತಿದ್ದ ಅಲಕ್ತಕ ಇದೇ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇದು ಬಿಲ್ಲೆಗಳಾಗಿ ಇಂಗ್ಲೆಂಡಿಗೆ ಹೋಗಿ ಉಣ್ಣೆ ಬಟ್ಟೆಗೆ ಬಣ್ಣವಾಗ್ತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೃತಕ ಬಣ್ಣಗಳು ಬಂದ ಮೇಲೆ ವ್ಯಾಪಾರ ಬಿದ್ದುಹೋಯ್ತು.

ವ್ಯಾಪಾರ ಬೀಳುತ್ತಿದ್ದ ಹೊತ್ತಿಗೇ ಜರ್ಮನ್ನರಿಗೆ ಅದರ ಸೂತ್ರದ ಮೇಲೆ ಕುತೂಹಲ ಹುಟ್ಟಿತ್ತು. 1887ರಲ್ಲಿ ಸ್ಮಿಟ್ ಈ ಕೆಂಪನ್ನ ಬೇರ್ಪಡಿಸಿ, ಲ್ಯಾಕೈಕ್ ಆಮ್ಲ ಅಂತ ಕರೆದು, 16-12-8 ಅಂತ ಸೂತ್ರ ಕೊಟ್ಟ. 1913ರಲ್ಲಿ ಡಿಮ್‌ರೋಟ್ ಮತ್ತು ಗೋಲ್ಡ್‌ಸ್ಮಿಟ್ ಅದನ್ನ 20-14-10 ಅಂತ ತಿದ್ದಿದರು. 1960ರ ದಶಕದಲ್ಲಿ ಪುಣೆಯಿಂದ ಬಂದ ಉತ್ತರವೇ ಬೇರೆ. ಅದು ಒಂದು ವಸ್ತುವೇ ಅಲ್ಲ, ಹಲವು ಆಮ್ಲಗಳ ಬೆರಕೆ. ಅದರಲ್ಲಿ ಲ್ಯಾಕೈಕ್ ಆಮ್ಲ 'ಬಿ' ಅನ್ನೋದು 24-16-12. ಮುಖ್ಯವಾದ 'ಎ' ಅನ್ನೋದು 26-19-12, ಜೊತೆಗೆ ಒಂದು ನೈಟ್ರೋಜನ್.

ಈಗ ಪೆನ್ನು ತಗೊಳ್ಳಿ. 16-12-8ರ ಶೇಕಡಾ ಲೆಕ್ಕ ಮಾಡಿದರೆ ಕಾರ್ಬನ್ 57.84, ಹೈಡ್ರೋಜನ್ 3.64. 20-14-10 ತಗೊಂಡರೆ ಕಾರ್ಬನ್ 57.98, ಹೈಡ್ರೋಜನ್ 3.41. 24-16-12ಕ್ಕೆ 58.07 ಮತ್ತು 3.25. ನೈಟ್ರೋಜನ್ ಇರುವ 'ಎ'ಗೆ 58.11 ಮತ್ತು 3.56. ಕಾರ್ಬನ್‌ನಲ್ಲಿ ಎಲ್ಲ ಸೇರಿ ವ್ಯತ್ಯಾಸ ಶೇ. 0.3ರ ಒಳಗೇ! ನಾನು ಮೊದಲ ಸಲ ಈ ಲೆಕ್ಕ ಸ್ಪ್ರೆಡ್‌ಶೀಟಿನಲ್ಲಿ ಹಾಕಿದಾಗ ಫಾರ್ಮುಲಾ ಸರಿಯಾಗಿ ಕಾಪಿ ಆಗಿಲ್ಲವೇನೋ ಅಂತ ಎರಡೆರಡು ಸಲ ನೋಡಿದೆ. ಸರಿಯಾಗೇ ಇತ್ತು. ಸುಟ್ಟು ತೂಗಿದ ಪ್ರಯೋಗ ನಿಖರವಾಗೇ ಇರಬಹುದು, ಆದರೂ ಅದರಿಂದ ಅಣುವಿಗೆ 16 ಕಾರ್ಬನ್ನೋ 26 ಕಾರ್ಬನ್ನೋ ಅಂತ ಹೇಳೋಕಾಗಲ್ಲ.

ಗಮನಿಸಿ ನೋಡಿ, ಮೊದಲ ಮೂರು ಸೂತ್ರಗಳಲ್ಲೂ ಕಾರ್ಬನ್ ಸಂಖ್ಯೆ ಆಕ್ಸಿಜನ್ನಿನ ಸರಿಯಾಗಿ ಎರಡು ಪಟ್ಟು. ಚಿಕ್ಕದು ಮಾಡಿದರೆ 4-3-2, 10-7-5, 6-4-3. ಜಗಳ ಇರೋದೆಲ್ಲ ಹೈಡ್ರೋಜನ್ ಮೇಲೆ. ಹೈಡ್ರೋಜನ್ ಎಲ್ಲಕ್ಕಿಂತ ಹಗುರ, ಒಂದು ಗ್ರಾಂ ಮಾದರಿಯಲ್ಲಿ 35 ಮಿಲಿಗ್ರಾಂ ಆಸುಪಾಸು. ಲೀಬಿಗ್ 1831ರಲ್ಲಿ ರೂಢಿಗೆ ತಂದ ವಿಧಾನದಲ್ಲಿ ಅದನ್ನ ಅಳೆಯೋದು ಸುಟ್ಟಾಗ ಹುಟ್ಟುವ ನೀರಿನಿಂದ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಕೊಳವೆ ಆ ನೀರನ್ನ ಹೀರಿಕೊಳ್ಳತ್ತೆ, ಕೊಳವೆಯ ತೂಕ ಎಷ್ಟು ಏರಿತು ಅಂತ ನೋಡ್ತಾರೆ. ಮಾದರಿ ಸ್ವಲ್ಪ ತೇವ ಉಳಿಸಿಕೊಂಡಿದ್ದರೂ ಆ ನೀರೂ ಲೆಕ್ಕಕ್ಕೆ ಸೇರತ್ತೆ. ಪುಣೆಯ ಜುಲೈ ತಿಂಗಳಲ್ಲಿ ಉಪ್ಪಿನ ಡಬ್ಬಿ ತೆಗೆದು ನೋಡಿದವರಿಗೆ ಈ ತೊಂದರೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಆಕ್ಸಿಜನ್. ಅದನ್ನ ಆಗ ನೇರವಾಗಿ ಅಳೆಯುತ್ತಲೇ ಇರಲಿಲ್ಲ. ನೂರರಲ್ಲಿ ಕಾರ್ಬನ್, ಹೈಡ್ರೋಜನ್ ಕಳೆದು ಉಳಿದದ್ದೇ ಆಕ್ಸಿಜನ್. ಪ್ರೋಗ್ರಾಮಿನ ಎಲ್ಸ್ ಬ್ರಾಂಚ್ ಇದ್ದ ಹಾಗೆ: ಮೇಲಿನ ಕಂಡೀಷನ್‌ಗೆ ಸಿಗದೇ ಇರೋದೆಲ್ಲ ಅಲ್ಲಿಗೇ ಬಂದು ಬೀಳತ್ತೆ. ಲ್ಯಾಕೈಕ್ ಆಮ್ಲ 'ಎ'ಯಲ್ಲಿ ನೈಟ್ರೋಜನ್ ಇರೋದು ಶೇ. 2.6, ಆಕ್ಸಿಜನ್ 35.7. ಎರಡೂ ಸೇರಿದರೆ 38.3. ಜರ್ಮನ್ನರ ಸೂತ್ರಗಳಲ್ಲಿ ಆಕ್ಸಿಜನ್ ಎಷ್ಟು ಅಂತೀರಿ? 38.5, 38.6. ಅವರ ಸೂತ್ರಗಳಲ್ಲಿ ನೈಟ್ರೋಜನ್ ಇಲ್ಲ. ಅದು ಆಕ್ಸಿಜನ್ನಿನ ಹೆಸರಲ್ಲಿ ಒಳಗೆ ಕೂತಿರಬಹುದು ಅನ್ನೋದು ನನ್ನ ಲೆಕ್ಕ, ಅಂಕಿಗಳಂತೂ ಅದಕ್ಕೆ ಅಡ್ಡ ಬರಲ್ಲ. ಪಿಯುಸಿ ಲ್ಯಾಬಿನಲ್ಲಿ ಸೋಡಿಯಂ ತುಂಡಿನ ಜೊತೆ ಕಾಯಿಸಿ ನೀಲಿ ಬಣ್ಣ ಬರತ್ತಾ ಅಂತ ನೋಡ್ತಿದ್ದೆವಲ್ಲ, ಲಸ್ಸೇನ್ ಟೆಸ್ಟ್, ಅದು ಇರೋದೇ ಇಂಥದ್ದನ್ನ ಹಿಡಿಯೋಕೆ. ಆಗ ಎಷ್ಟು ಬೇಜಾರಾಗಿ ಮಾಡ್ತಿದ್ದೆವು!

ಹಾಗಾದ್ರೆ ಅಣುವಿನ ತೂಕ ಅಳೆದಿದ್ದರೆ ಮುಗೀತಿತ್ತಲ್ಲ ಅನ್ನಬಹುದು. 6-4-3ರ ತೂಕ 124. ಇಡೀ ಅಣು 496 ಅಂತ ಗೊತ್ತಾದರೆ ನಾಲ್ಕರಿಂದ ಗುಣಿಸಿ 24-16-12 ಬರೆದರಾಯ್ತು. ಪರೀಕ್ಷೆಯಲ್ಲಿ ಇದು ಎರಡು ಮಾರ್ಕಿನ ಲೆಕ್ಕ. ಆದರೆ ಪ್ರಶ್ನೆಪತ್ರಿಕೆಯಲ್ಲಿ 'ಅಣುತೂಕ ಇಷ್ಟು' ಅಂತ ಒಂದೇ ಸಾಲಿನಲ್ಲಿ ಕೊಟ್ಟುಬಿಡ್ತಾರಲ್ಲ, ಆ ಒಂದು ಸಾಲಿಗೇ ಇಲ್ಲಿ ದಶಕಗಳು ಹಿಡಿದವು. ಡ್ಯುಮಾ 1826ರಲ್ಲಿ ತೋರಿಸಿದ ವಿಧಾನಕ್ಕೆ ವಸ್ತು ಆವಿಯಾಗಬೇಕು. ಲ್ಯಾಕೈಕ್ ಆಮ್ಲ ಆವಿಯಾಗೋ ಮೊದಲೇ ಕೆಟ್ಟುಹೋಗತ್ತೆ. 1880ರ ದಶಕದಲ್ಲಿ ರಾವೂಲ್ಟ್ ಕೊಟ್ಟ ದಾರಿ ಬೇರೆ, ದ್ರಾವಕದಲ್ಲಿ ಕರಗಿಸಿ ಅದರ ಘನೀಭವನದ ಉಷ್ಣತೆ ಎಷ್ಟು ಇಳೀತು ಅಂತ ನೋಡೋದು. ಬೆಂಜೀನ್‌ನಂಥ ದ್ರಾವಕದಲ್ಲಿ ಇದು ಕರಗೋದೇ ಇಲ್ಲ. ಕರಗಿದರೂ, ಮಾದರಿ ಬೆರಕೆಯಾಗಿದ್ದರೆ ಸಿಗೋದು ಸರಾಸರಿ ತೂಕ. ಸರಾಸರಿಯಿಂದ ಸೂತ್ರ ಬರೆದರೆ ಪ್ರಪಂಚದಲ್ಲಿ ಎಲ್ಲೂ ಇಲ್ಲದ ಅಣುವಿಗೆ ಸೂತ್ರ ಬರೆದ ಹಾಗೆ.

ಹೀಗಾಗಿ ಮೊದಲ ಕೆಲಸ ಬೇರ್ಪಡಿಸೋದು. ಇಂಗ್ಲೆಂಡಿನಲ್ಲಿ ಸ್ಕೋಫೀಲ್ಡ್ ಅವರ ತಂಡವೂ ಅದೇ ವರ್ಷಗಳಲ್ಲಿ ಇದೇ ಬಣ್ಣದ ಹಿಂದೆ ಬಿದ್ದಿತ್ತು. ಪುಣೆಯಲ್ಲಿ ವೆಂಕಟರಾಮನ್ ಜೊತೆ ಪಂಢರೆ, ಶ್ರೀನಿವಾಸನ್ ಮತ್ತು ಎ. ವಿ. ರಾಮರಾವ್ ಇದ್ದರು. ರಾಮರಾವ್ ಅಂದ್ರೆ ಮುಂದೆ ಹೈದರಾಬಾದಿನ ಐಐಸಿಟಿ ನಿರ್ದೇಶಕರಾದವರು. ಎನ್‌ಎಂಆರ್, ಮಾಸ್ ಸ್ಪೆಕ್ಟ್ರೋಮೀಟರ್ ಥರದ ಉಪಕರಣಗಳು ಸಾವಯವ ರಸಾಯನಶಾಸ್ತ್ರದ ಕೈಗೆ ಬರುತ್ತಿದ್ದ ಕಾಲ ಅದು. 1966ರಿಂದ ಮುಂದೆ ಕೆಲವೇ ವರ್ಷಗಳಲ್ಲಿ ಎ, ಬಿ, ಸಿ, ಡಿ, ಇ ಅಂತ ಇಡೀ ಕುಟುಂಬವೇ ಹೊರಬಂತು.

ಆ ಕುಟುಂಬದ ಅಣುತೂಕಗಳನ್ನ ಸಾಲಾಗಿ ಬರೀತೀನಿ: ಎ 537, ಬಿ 496, ಸಿ 539, ಡಿ 314, ಇ 495. ಬಿ ಮತ್ತು ಡಿ ಸರಿಸಂಖ್ಯೆ, ಉಳಿದ ಮೂರು ಬೆಸ. ಬೆಸ ಇರುವ ಮೂರರಲ್ಲೂ ಒಂದೊಂದು ನೈಟ್ರೋಜನ್ ಇದೆ, ಸರಿ ಇರುವ ಎರಡರಲ್ಲಿ ಇಲ್ಲ. ಇದು ಆಕಸ್ಮಿಕ ಅಲ್ಲ. ಕಾರ್ಬನ್, ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್ ಮಾತ್ರ ಇರುವ ಸ್ಥಿರ ಅಣುವಿನ ತೂಕ ಬೆಸ ಬಂದರೆ ಅದರಲ್ಲಿ ನೈಟ್ರೋಜನ್ ಬೆಸ ಸಂಖ್ಯೆಯಲ್ಲಿ ಇರಲೇಬೇಕು. ನೈಟ್ರೋಜನ್ನಿನ ತೂಕ 14, ಸರಿಸಂಖ್ಯೆ. ಅದರ ಕೈಗಳು ಮೂರು, ಬೆಸ. ಆ ಒಂದು ಕೈಗಾಗಿ ಹೈಡ್ರೋಜನ್ ಲೆಕ್ಕ ಒಂದು ಹೆಚ್ಚುಕಮ್ಮಿ ಆಗತ್ತೆ. ಥೇಟ್ ಪ್ಯಾರಿಟಿ ಬಿಟ್! ಶೇಕಡಾವಾರು ಲೆಕ್ಕದಲ್ಲಿ ಆಕ್ಸಿಜನ್ನಿನ ಹಿಂದೆ ಅಡಗಬಹುದಾಗಿದ್ದ ಧಾತು, ಅಣುವಿನ ತೂಕ ಸಿಕ್ಕ ತಕ್ಷಣ ಕಡೆಯ ಅಂಕಿಯಲ್ಲೇ ಸಿಕ್ಕಿಬೀಳತ್ತೆ.

ಕುಟುಂಬದವರ ನಂಟೂ ಇದೇ ಅಂಕಿಗಳಲ್ಲಿ ಕಾಣತ್ತೆ. 'ಇ'ಯ ಬಾಲದಲ್ಲಿ ಒಂದು ನೈಟ್ರೋಜನ್, ಎರಡು ಹೈಡ್ರೋಜನ್ ಇವೆ, ತೂಕ 16. ಅದರ ಜಾಗದಲ್ಲಿ ಆಕ್ಸಿಜನ್-ಹೈಡ್ರೋಜನ್ ಜೋಡಿ, ತೂಕ 17, ಕೂತರೆ 'ಬಿ': 495 ಹೋಗಿ 496. 'ಇ'ಗೆ ಅಸಿಟೈಲ್ ಗುಂಪು ಸೇರಿದರೆ 42 ಹೆಚ್ಚಿ 537, ಅದೇ 'ಎ'. ಕಾರ್ಬನ್ ಡೈಆಕ್ಸೈಡಿನಷ್ಟು, 44, ಸೇರಿದರೆ 539, 'ಸಿ'. 'ಸಿ'ಯಲ್ಲಿ ಟೈರೋಸಿನ್ ಅನ್ನೋ ಅಮೈನೋ ಆಮ್ಲವೇ ಇಡಿಯಾಗಿ ಅಂಟಿಕೊಂಡಿದೆ. ನಮ್ಮ ಮೈಯ ಪ್ರೋಟೀನುಗಳಲ್ಲೂ ಇರುವ ಅದೇ ಟೈರೋಸಿನ್.

ಉಳಿದದ್ದು 'ಡಿ', ಹಳದಿ ಬಣ್ಣದ್ದು. ಅದರ ಸೂತ್ರ 16-10-7. ಇದಕ್ಕೆ ಒಂದು ನೀರಿನ ಅಣು, ಅಂದ್ರೆ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಕೂಡಿಸಿ ನೋಡಿ: 16-12-8, ಸ್ಮಿಟ್ 1887ರಲ್ಲಿ ಬರೆದ ಸೂತ್ರ. ಅವನ ಕೈಯಲ್ಲಿದ್ದದ್ದು ಕೆಂಪು ಬಣ್ಣ, ಹಳದಿಯಲ್ಲ, ಹಾಗಾಗಿ ಇದು ಬರೀ ಕಾಕತಾಳೀಯ ಅಂತಲೇ ನಾನು ಅಂದುಕೊಂಡಿದ್ದೀನಿ.